ಸುಖೋಯ್‌ನಿಂದ ಹಾರಿದ ‘ಅಸ್ತ್ರ’ವೇ ತೇಜಸ್‌ನಿಂದ ಹಾರಲು ಒಂಬತ್ತು ವರ್ಷ ಏಕೆ?

ಮುರುಗೇಶಪಾಳ್ಯದ ಮಹಡಿ
ಭಾನುವಾರ, ಬೆಳಿಗ್ಗೆ 10.20

ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದರೆ ಎಚ್‌ಎಎಲ್ ರನ್‌ವೇಯಿಂದ ಎದ್ದ ತೇಜಸ್ ಯುದ್ಧ ವಿಮಾನ ಕತ್ತೆತ್ತಿದ ಕಡೆ ಕಾಣುತ್ತದೆ. ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಮೊನ್ನೆ ಅಕ್ಕನ ಮಗ ಬಂದಿದ್ದ. ಒಂಬತ್ತನೆಯ ತರಗತಿ, ಬಾಯಿ ಮಾತ್ರ ಪಿಯುಸಿ. ರೆಕ್ಕೆಯ ಕೆಳಗೆ ಏನೋ ಉದ್ದನೆಯದು ನೇತಾಡುವುದನ್ನು ಕಂಡು, “ಮಾವ, ಅದು ನಿಜವಾದ ಕ್ಷಿಪಣಿಯೇ?” ಎಂದ. “ಪರೀಕ್ಷೆಯದು ಇರಬೇಕು” ಎಂದೆ. “ಎಷ್ಟು ವರ್ಷ ಪರೀಕ್ಷೆ ಮಾಡುತ್ತಾರೆ?” ಎಂದ. ನನ್ನ ಬಳಿ ಉತ್ತರ ಇರಲಿಲ್ಲ.

ಕುಳಿತು ಲೆಕ್ಕ ಹಾಕಿದೆ. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4. ಮೊದಲ ಕ್ಷಿಪಣಿ, ರಷ್ಯಾದ ಆರ್-73, ಹಾರಿಸಿದ್ದು 2007ರ ಅಕ್ಟೋಬರ್ 25, ಗೋವಾ ಕಡಲಿನ ಮೇಲೆ. ಆಕಾಶದಲ್ಲಿಯೇ ಶತ್ರು ವಿಮಾನ ಹೊಡೆಯುವ ನಮ್ಮದೇ ಕ್ಷಿಪಣಿ ‘ಅಸ್ತ್ರ’ ಸುಖೋಯ್-30 ಯುದ್ಧ ವಿಮಾನದಿಂದ ಹಾರಿದ್ದು 2014ರ ಮೇ ತಿಂಗಳಲ್ಲಿ. ಅದೇ ಅಸ್ತ್ರ ತೇಜಸ್‌ನಿಂದ ಹಾರಿದ್ದು 2023ರ ಆಗಸ್ಟ್ 23ರಂದು. ಒಂಬತ್ತು ವರ್ಷ! ಕ್ಷಿಪಣಿ ಅದೇ ತಾನೆ? ನಮ್ಮ ಮನೆಯ ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಪಕ್ಕದ ಮನೆಯದು ತಂದು ಹಾಕುತ್ತೇವೆ. ಒಲೆ ಉರಿಯುತ್ತದೆ. ಇಲ್ಲೇಕೆ ಉರಿಯುವುದಿಲ್ಲ?

ತಿಳಿದವರು ಹೇಳಿ. ಹುಡುಗ ಮುಂದಿನ ಭಾನುವಾರ ಮತ್ತೆ ಬರುತ್ತಾನೆ.


ವಾದಪ್ರಿಯ

ಉತ್ತರ ಸುಲಭ. ಸರ್ಕಾರಿ ಕೆಲಸ ದೇವರ ಕೆಲಸ, ದೇವರಿಗೆ ಅವಸರವಿಲ್ಲ.


ತುಂಗಾತೀರ

ಮಹಡಿಯವರೇ, ನಿಮ್ಮ ಲೆಕ್ಕದಲ್ಲಿಯೇ ಒಂದು ತಪ್ಪಿದೆ. 2014ರಲ್ಲಿ ಸುಖೋಯ್‌ನಿಂದ ಹಾರಿದ್ದು ಪಕ್ವವಾದ ಕ್ಷಿಪಣಿಯಲ್ಲ; ವಿಮಾನದಿಂದ ಅದು ಹಾರಿದ್ದೇ ಅಂದು ಮೊದಲ ಬಾರಿ. ಅಭಿವೃದ್ಧಿಯ ಕೊನೆಯ ಸುತ್ತು ಮುಗಿದದ್ದು 2017ರ ಸೆಪ್ಟೆಂಬರ್‌ನಲ್ಲಿ, ಚಾಂದೀಪುರದ ಬಳಿ, ನಾಲ್ಕು ದಿನಗಳಲ್ಲಿ ಏಳು ಬಾರಿ ಹಾರಿಸಿ. ಕೂಸು ಹುಟ್ಟಿದ ದಿನದಿಂದ ಸಂಬಳ ಎಣಿಸಿದರೆ ಹೇಗೆ?


ಮುರುಗೇಶಪಾಳ್ಯದ ಮಹಡಿ

ಒಪ್ಪಿದೆ. 2017 ಎಂದೇ ಇಟ್ಟುಕೊಳ್ಳಿ. ಇನ್ನೂ ಆರು ವರ್ಷ ಉಳಿಯಿತು. ಸಿಲಿಂಡರ್ ಪ್ರಶ್ನೆಗೆ ಉತ್ತರ ಬರಲಿಲ್ಲ.


ನಿವೃತ್ತ ಸಾರ್ಜೆಂಟ್

ಸಿಲಿಂಡರ್ ಹೋಲಿಕೆ ಇರಲಿ, ಅದನ್ನೇ ಹಿಡಿದುಕೊಂಡು ಹೇಳುತ್ತೇನೆ. ನಾನು ವಾಯುಪಡೆಯಲ್ಲಿ ಶಸ್ತ್ರ ವಿಭಾಗದಲ್ಲಿದ್ದವನು. ಹಾರಿದವನಲ್ಲ, ವಿಮಾನದ ಹೊಟ್ಟೆಯ ಕೆಳಗೆ ಬೆನ್ನು ಬಗ್ಗಿಸಿದವನು.

ಸಿಲಿಂಡರ್ ನೆಲದ ಮೇಲೆ ಕುಳಿತಿರುತ್ತದೆ. ಕ್ಷಿಪಣಿ ರೆಕ್ಕೆಯಲ್ಲಿ ನೇತಾಡುತ್ತದೆ, ರೆಕ್ಕೆ ಬಾಗುತ್ತದೆ, ಅದುರುತ್ತದೆ. ಸುಖೋಯ್ ಎಂದರೆ ಆನೆ. ತೇಜಸ್ ಎಂದರೆ ಚಿಕ್ಕದು, ಹಗುರದ್ದು, ಸಾಲದೆಂಬಂತೆ ಕಂಪ್ಯೂಟರ್ ಇಲ್ಲದೆ ಒಂದು ಕ್ಷಣವೂ ನೇರವಾಗಿ ಹಾರಲಾಗದಂತೆ ಬೇಕೆಂದೇ ಮಾಡಿದ ವಿಮಾನ. ನೂರೈವತ್ತು ಕಿಲೋ ತೂಕದ ವಸ್ತು ಒಂದು ರೆಕ್ಕೆಯಿಂದ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೊರಟುಹೋದರೆ ಇನ್ನೊಂದು ರೆಕ್ಕೆ ಭಾರವಾಗಿಯೇ ಇರುತ್ತದೆ. ಆ ಕಂಪ್ಯೂಟರ್‌ಗೆ ಅದು ಗೊತ್ತಿರಬೇಕು. ಕ್ಷಿಪಣಿಯ ಹಿಂದಿನ ಬೆಂಕಿ, ಹೊಗೆ ಎಂಜಿನ್ನಿನ ಗಾಳಿಬಾಯಿಗೆ ನುಗ್ಗಿದರೆ ಎಂಜಿನ್ ಕೆಮ್ಮಿ ನಿಂತೇ ಹೋಗಬಹುದು. 2007ರಲ್ಲಿ ಗೋವಾದಲ್ಲಿ ನೋಡಿದ್ದು ಮುಖ್ಯವಾಗಿ ಇವನ್ನೇ: ಕ್ಷಿಪಣಿ ವಿಮಾನಕ್ಕೆ ತಗುಲದೆ ದೂರ ಸರಿಯಿತೇ, ಅದರ ಬೆಂಕಿಗೆ ಎಂಜಿನ್ ಏನೆಂದಿತು, ಒತ್ತಿದ ಗುಂಡಿಯಿಂದ ಲಾಂಚರ್‌ವರೆಗಿನ ವ್ಯವಸ್ಥೆ ಹೇಳಿದ್ದನ್ನು ಮಾಡಿತೇ. ಗುರಿಗೆ ಹೊಡೆಯುವ ಮಾತು ಅಂದು ಇರಲೇ ಇಲ್ಲ.

ಕ್ರಮ ಹೀಗೆ. ಮೊದಲು ಗಾಳಿಸುರಂಗ, ಕಾಗದ, ಕಂಪ್ಯೂಟರ್. ಆಮೇಲೆ ಅದೇ ತೂಕದ, ಅದೇ ಆಕಾರದ, ಒಳಗೇನೂ ಇಲ್ಲದ ಕ್ಷಿಪಣಿ ಹೊತ್ತು ಸುಮ್ಮನೆ ಹಾರಾಟ. ನಿಮ್ಮ ಅಕ್ಕನ ಮಗ ನೋಡಿದ್ದು ಬಹುಶಃ ಇದನ್ನೇ. ಆಮೇಲೆ ಸೀಕರ್, ಅಂದರೆ ಗುರಿ ಹುಡುಕುವ ಕಣ್ಣು, ಜೀವಂತವಾಗಿರುವ, ಮೋಟಾರ್ ಇಲ್ಲದ ಕ್ಷಿಪಣಿ. ರೇಡಾರ್ ಕಂಡದ್ದನ್ನು ಅದಕ್ಕೆ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು. ಆಮೇಲೆ ಬರೀ ಬೇರ್ಪಡುವ ಪರೀಕ್ಷೆ. ಕೊನೆಗೆ ಸಿಡಿತಲೆಯ ಜಾಗದಲ್ಲಿ, ಹಾರುತ್ತಲೇ ನೆಲಕ್ಕೆ ರೇಡಿಯೋದಲ್ಲಿ ವಿವರ ಕಳಿಸುವ ಟೆಲಿಮೆಟ್ರಿ ಡಬ್ಬಿ ಇಟ್ಟು ನಿಜವಾದ ಗುರಿಯ ಮೇಲೆ. ಒಂದೊಂದು ಮೆಟ್ಟಿಲಿಗೂ ವೇಗ, ಎತ್ತರ, ತಿರುವು ಬದಲಿಸಿ ಮತ್ತೆ ಮತ್ತೆ.


ಸಿಲಿಕಾನ್ ಸುಬ್ಬಿ

ಸರ್, ನಾನು ಸಾಫ್ಟ್‌ವೇರ್ ಪರೀಕ್ಷಿಸುವವಳು. ನಮ್ಮಲ್ಲಿಯೂ ಇದೇ ಗೋಳು. ಬಿಡಿ ಭಾಗಗಳೆಲ್ಲ ಪಾಸು, ಜೋಡಿಸಿದ ದಿನ ನಪಾಸು. ವ್ಯತ್ಯಾಸ ಇಷ್ಟೇ, ನಮ್ಮದು ಕೆಟ್ಟರೆ ಯಾರದೋ ದೋಸೆ ತಡವಾಗಿ ಬರುತ್ತದೆ.


ವಾದಪ್ರಿಯ

ಸಾರ್ಜೆಂಟ್ ಸಾಹೇಬರೇ, ಗೌರವದಿಂದಲೇ ಹೇಳುತ್ತೇನೆ. ಇದೆಲ್ಲ ಪಟ್ಟಿ. ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಪ್ರತಿಯೊಂದೂ ಬೇಕು ಎಂದಾಯಿತೇ? ಯಾವುದಾದರೂ ಒಂದು ಮೆಟ್ಟಿಲು ಹಾರಿದ್ದರಿಂದ ಯಾರಿಗಾದರೂ ನಿಜವಾಗಿ ಪೆಟ್ಟು ಬಿದ್ದದ್ದು ತೋರಿಸಿ.


ಕ್ಯಾಲಿಫೋರ್ನಿಯಾದ ಕಿಟ್ಟಿ

ತೋರಿಸುತ್ತೇನೆ. ನಾನಿರುವುದು ಲಾಸ್ ಏಂಜಲೀಸ್‌ನ ಉತ್ತರಕ್ಕೆ, ಪಾಮ್‌ಡೇಲ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ಇಲ್ಲಿ ಹಳಬರನ್ನು ಕೇಳಿದರೆ ‘ಪಾಮ್‌ಡೇಲ್ ಕದನ’ ಎಂದು ನಗುತ್ತಾರೆ.

1956ರ ಆಗಸ್ಟ್ 16. ಪಾಯಿಂಟ್ ಮುಗು ನೌಕಾನೆಲೆಯಿಂದ ಹೆಲ್‌ಕ್ಯಾಟ್ ಎಂಬ ಹಳೆಯ ಪ್ರೊಪೆಲರ್ ವಿಮಾನ ಹೊರಟಿತು. ಎರಡನೆಯ ಮಹಾಯುದ್ಧದ ಸಾಮಾನು, ಮೈಗೆಲ್ಲ ಕೆಂಪು ಬಣ್ಣ, ಒಳಗೆ ಪೈಲಟ್ ಇಲ್ಲ. ಕ್ಷಿಪಣಿ ಪರೀಕ್ಷೆಗೆ ಗುರಿಯಾಗಿ ಕಡಲ ಮೇಲೆ ಸಾಯಬೇಕಾದ ಡ್ರೋನ್. ಅದು ರೇಡಿಯೋ ಮಾತು ಕೇಳುವುದನ್ನು ಬಿಟ್ಟು ಲಾಸ್ ಏಂಜಲೀಸ್ ಕಡೆಗೆ ಹೊರಟಿತು.

ಐದು ಮೈಲಿ ದೂರದ ಆಕ್ಸ್‌ನಾರ್ಡ್‌ನಿಂದ ಎರಡು ಎಫ್-89ಡಿ ಸ್ಕಾರ್ಪಿಯನ್‌ಗಳು ಎದ್ದವು. ಆ ಕಾಲದ ಅತ್ಯಾಧುನಿಕ ಇಂಟರ್‌ಸೆಪ್ಟರ್. ರಷ್ಯಾದ ಬಾಂಬರ್‌ಗಳನ್ನು ಮೋಡದಲ್ಲಿ, ರಾತ್ರಿಯಲ್ಲಿ ಹೊಡೆಯಲೆಂದೇ ಮಾಡಿದ್ದು. ರೆಕ್ಕೆಯ ತುದಿಯ ಡಬ್ಬಿಗಳಲ್ಲಿ ಒಂದೊಂದರಲ್ಲಿ 52 ರಾಕೆಟ್, ಒಂದು ವಿಮಾನಕ್ಕೆ 104. ಆ ರಾಕೆಟ್‌ಗಳಿಗೆ ತಾವಾಗಿ ಗುರಿ ಹುಡುಕುವ ಬುದ್ಧಿ ಇಲ್ಲ. ರೇಡಾರ್ ಮತ್ತು ಕಂಪ್ಯೂಟರ್ ಸೇರಿ ಗುರಿ ಎಲ್ಲಿಗೆ ಬಂದು ಸೇರುತ್ತದೆ ಎಂದು ಲೆಕ್ಕ ಹಾಕಿ, ಸರಿಯಾದ ಕ್ಷಣದಲ್ಲಿ ತಾವೇ ರಾಕೆಟ್ ಬಿಡಬೇಕು. ಪೈಲಟ್ ಬರೀ ಚುಕ್ಕೆಯನ್ನು ವೃತ್ತದೊಳಗೆ ಇಟ್ಟುಕೊಂಡರೆ ಸಾಕು.

ಡ್ರೋನ್ ಸುತ್ತು ಹಾಕುತ್ತಿತ್ತು. ಅದರ ಹಿಂದೆ ತಿರುಗಬೇಕಾಯಿತು. ತಿರುವಿನಲ್ಲಿ ಸ್ವಯಂಚಾಲಿತ ವ್ಯವಸ್ಥೆ ರಾಕೆಟ್ ಬಿಡಲೇ ಇಲ್ಲ. ವಿನ್ಯಾಸದಲ್ಲಿಯೇ ದೋಷ. ಸರಿ, ಕೈಯಿಂದಲೇ ಹೊಡೆಯೋಣ ಎಂದುಕೊಂಡರೆ ಗುರಿನೋಟಕವೇ ಇಲ್ಲ! ರೇಡಾರ್ ಇರುವಾಗ ಅದೇಕೆ ಎಂದು ಮೊದಲೇ ಕಿತ್ತುಹಾಕಿದ್ದರು. ಅಂದಾಜಿನಲ್ಲಿ ಹೊಡೆದರು. ಮೊದಲು ತಲಾ 42, ಆಮೇಲೆ ತಲಾ 32, ಕೊನೆಗೆ ತಲಾ 30. ಒಟ್ಟು 208 ರಾಕೆಟ್. ಡ್ರೋನ್ ಹಾರುತ್ತಲೇ ಇತ್ತು.

ರಾಕೆಟ್‌ಗಳು ಬಿದ್ದದ್ದು ಊರಿನ ಮೇಲೆ, ಗುಡ್ಡದ ಮೇಲೆ. ಸಾವಿರ ಎಕರೆ ಕಾಡು ಸುಟ್ಟಿತು, ಐನೂರು ಜನ ಬೆಂಕಿ ಆರಿಸಲು ಎರಡು ದಿನ ಹಿಡಿಯಿತು. ಒಂದು ಮನೆಯಲ್ಲಿ ಚೂರು ಕಿಟಕಿಯಿಂದ ಒಳಗೆ ಬಂದು, ಸೂರಿಗೆ ಬಡಿದು, ಗೋಡೆ ತೂರಿ, ಅಡುಗೆ ಸಾಮಾನಿನ ಕಪಾಟಿನಲ್ಲಿ ಹೋಗಿ ಕುಳಿತಿತ್ತು. ತಾಯಿಯನ್ನು ಕೂರಿಸಿಕೊಂಡು ಕಾರು ಓಡಿಸುತ್ತಿದ್ದ ಹುಡುಗನ ಮುಂದೆಯೇ ಒಂದು ಸಿಡಿದು ಟೈರ್ ಚಿಂದಿಯಾಯಿತು, ರೇಡಿಯೇಟರ್ ಜರಡಿಯಾಯಿತು. ಪವಾಡವೆಂದರೆ ಯಾರೂ ಸಾಯಲಿಲ್ಲ. ಡ್ರೋನ್ ಕೊನೆಗೆ ಇಂಧನ ಮುಗಿದು, ಪಾಮ್‌ಡೇಲ್ ವಿಮಾನ ನಿಲ್ದಾಣದ ಪೂರ್ವದ ಮರುಭೂಮಿಯಲ್ಲಿ ವಿದ್ಯುತ್ ತಂತಿ ಹರಿದುಕೊಂಡು ತಾನಾಗಿಯೇ ಬಿದ್ದಿತು.

ರೇಡಾರ್ ಚೆನ್ನಾಗಿತ್ತು. ರಾಕೆಟ್ ಚೆನ್ನಾಗಿತ್ತು. ವಿಮಾನವೂ ಚೆನ್ನಾಗಿತ್ತು.


ಮುರುಗೇಶಪಾಳ್ಯದ ಮಹಡಿ

208! ಮಾರನೆಯ ದಿನದ ಪೇಪರ್ ಹೇಗಿತ್ತೋ.


ಪದಕೋಶ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ‘ಇಂಟರ್‌ಸೆಪ್ಟರ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಪ್ರತಿಬಂಧಕ ವಿಮಾನ’ ಎಂದು ಎಲ್ಲೋ ಓದಿದೆ, ಕೇಳಿದರೆ ಸೆಕ್ಷನ್ 144 ನೆನಪಾಗುತ್ತದೆ. ‘ತಡೆವಿಮಾನ’ ಆಗಬಹುದೇ?


ತುಂಗಾತೀರ

‘ಅಡ್ಡಗಟ್ಟು ವಿಮಾನ’. ನಮ್ಮ ಬೀದಿಯ ಕರಿಯ ನಾಯಿ ಹೊಸಬರನ್ನು ಮೂಲೆಯಲ್ಲಿಯೇ ಅಡ್ಡಗಟ್ಟುತ್ತದೆ, ಮನೆಯವರೆಗೆ ಬರಲು ಬಿಡುವುದಿಲ್ಲ. ಇಂಟರ್‌ಸೆಪ್ಟರ್ ಎಂದರೆ ಅದೇ. ಬೇರೆ ಯುದ್ಧ ವಿಮಾನಗಳು ಊರೆಲ್ಲ ತಿರುಗುವ ನಾಯಿಗಳು.


ವಾದಪ್ರಿಯ

ಹಾಗಾದರೆ ತೇಜಸ್ ಇಂಟರ್‌ಸೆಪ್ಟರ್ ಅಲ್ಲ, ಬಹುಪಾತ್ರದ ವಿಮಾನ. ಇಡೀ ಚರ್ಚೆ ದಾರಿ ತಪ್ಪಿದೆ.


ನಿವೃತ್ತ ಸಾರ್ಜೆಂಟ್

ಕೆಲಸವನ್ನು ನೋಡಿ, ಹಣೆಪಟ್ಟಿಯನ್ನಲ್ಲ. ಶತ್ರು ಬರುತ್ತಿದ್ದಾನೆ ಎಂದು ಗಂಟೆ ಹೊಡೆದಾಗ ಯಾವುದು ಏಳುತ್ತದೆಯೋ ಅಂದು ಅದೇ ಇಂಟರ್‌ಸೆಪ್ಟರ್. ನಮ್ಮಲ್ಲಿ ಹುಟ್ಟಿನಿಂದಲೇ ಆ ಹೆಸರು ಹೊತ್ತು ಬಂದದ್ದು ಮಿಗ್-21. 1963ರಲ್ಲಿ ಬಂತು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಅದರ ಕಥೆಯೇ ಈ ಚರ್ಚೆಗೆ ಸಾಕ್ಷಿ. 1965ರ ಸೆಪ್ಟೆಂಬರ್ 4ರಂದು ವಿಂಗ್ ಕಮಾಂಡರ್ ವೊಲೆನ್ ಪಾಕಿಸ್ತಾನದ ಸೇಬರ್ ಯುದ್ಧ ವಿಮಾನವೊಂದರ ಬೆನ್ನು ಹತ್ತಿ ಎರಡು ಕೆ-13 ಕ್ಷಿಪಣಿ ಹಾರಿಸಿದರು. ಎರಡೂ ತಪ್ಪಿದವು. ಸೇಬರ್ ನೆಲಕ್ಕೆ ತೀರಾ ಹತ್ತಿರದಲ್ಲಿತ್ತು. ಆ ಕ್ಷಿಪಣಿ ಎತ್ತರದಲ್ಲಿ ಹಾರುವ ಬಾಂಬರ್‌ಗೆಂದು ಮಾಡಿದ್ದು. ಅವರ ವಿಮಾನದಲ್ಲಿ ಗನ್ ಇರಲಿಲ್ಲ. ಮುಂದೇನು ಮಾಡಬೇಕು? ಪಕ್ಕದಲ್ಲಿಯೇ ಹಾದುಹೋದರು. ಅದೇ ವೊಲೆನ್ ಅವರು ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್ ಅಧ್ಯಕ್ಷರಾಗಿದ್ದರು.

ಆಮೇಲೆ ಹೊಟ್ಟೆಯ ಕೆಳಗೆ ಗನ್ ಡಬ್ಬಿ ಕಟ್ಟಿದರು. 1971ರ ಡಿಸೆಂಬರ್ 12ರಂದು ಕಛ್ ಕೊಲ್ಲಿಯ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಬಿದ್ದದ್ದು ಆ ಗನ್ನಿಗೆ.


ಗಣಿತ ಮೇಷ್ಟ್ರು

ಸಾರ್ಜೆಂಟರು ಹೇಳಿದ ಕೊನೆಯ ಮೆಟ್ಟಿಲಿನ ಬಗ್ಗೆ ಒಂದು ಲೆಕ್ಕ. ಅಮೆರಿಕದಲ್ಲಿ ವೈಎಫ್-12ಎ ಎಂಬ ಇಂಟರ್‌ಸೆಪ್ಟರ್ ಇತ್ತು, ಶಬ್ದದ ಮೂರು ಪಟ್ಟು ವೇಗದ್ದು. ಅದರಿಂದ ಎಐಎಂ-47 ಕ್ಷಿಪಣಿಯನ್ನು ಏಳು ಬಾರಿ ಹಾರಿಸಿದರು, ಆರು ಬಾರಿ ಗೆದ್ದರು. 1966ರಲ್ಲಿ 74,000 ಅಡಿ ಎತ್ತರದಿಂದ ಬಿಟ್ಟದ್ದು 500 ಅಡಿಯಲ್ಲಿ ಹಾರುತ್ತಿದ್ದ ಪೈಲಟ್‌ರಹಿತ ಬಿ-47ಕ್ಕೆ ತಗುಲಿತು. ಅದ್ಭುತ, ಒಪ್ಪಿದೆ.

ಈಗ ನನ್ನ ಪ್ರಶ್ನೆ. ಏಳರಲ್ಲಿ ಆರು ಎಂದರೆ ಶೇಕಡಾ 86. ಆದರೆ ನಿಜವಾಗಿ ಹತ್ತಕ್ಕೆ ಆರು ಮಾತ್ರ ಹೊಡೆಯುವ ಸಾಧಾರಣ ಕ್ಷಿಪಣಿಯೊಂದಿದೆ ಎಂದುಕೊಳ್ಳಿ. ಅದನ್ನು ಏಳು ಬಾರಿ ಹಾರಿಸಿದರೆ ಆರು ಅಥವಾ ಏಳು ತಗುಲುವ ಸಾಧ್ಯತೆ ಎಷ್ಟು? ನೂರಕ್ಕೆ ಸುಮಾರು ಹದಿನಾರು. ನಮ್ಮ ಶಾಲೆಯಲ್ಲಿ ಇಷ್ಟರ ಮೇಲೆ ಯಾರನ್ನೂ ಪಾಸು ಮಾಡುವುದಿಲ್ಲ. ಏಳು ಹಾರಿಸಿ ಎದೆ ತಟ್ಟಿಕೊಳ್ಳುವುದಕ್ಕಿಂತ ಒಂದು ಹಾರಿಸುವ ಮುಂಚೆ ಐನೂರು ಬಾರಿ ಹೊತ್ತುಕೊಂಡು ಹಾರಿ ದತ್ತಾಂಶ ಕೂಡಿಸುವುದು ಅಗ್ಗ ಮತ್ತು ನಂಬಿಕಾರ್ಹ. ಕಿರಿಕಿರಿಯಾದರೂ ಸರಿ.


ಸಿಲಿಕಾನ್ ಸುಬ್ಬಿ

ಮೇಷ್ಟ್ರೇ, ಆ ಹದಿನಾರು ಹೇಗೆ ಬಂತು?


ಗಣಿತ ಮೇಷ್ಟ್ರು

0.6ರ ಆರನೆಯ ಘಾತವನ್ನು 0.4ರಿಂದ ಗುಣಿಸಿ, ಏಳರಿಂದ ಗುಣಿಸಿ: 0.131. ಅದಕ್ಕೆ 0.6ರ ಏಳನೆಯ ಘಾತ, 0.028, ಕೂಡಿಸಿ. ಮಗುವಿಗೂ ಬರುತ್ತದೆ. ಮಹಡಿಯವರ ಸೋದರಳಿಯನಿಗೆ ಮನೆಗೆಲಸವಾಗಿ ಕೊಡಿ.


ವಾದಪ್ರಿಯ

ಮೇಷ್ಟ್ರು ನನ್ನ ವಾದಕ್ಕೇ ಬಲ ಕೊಟ್ಟಿದ್ದಾರೆ, ಗೊತ್ತಿಲ್ಲದೆ. ಲೆಕ್ಕ ಹಾಕುವವರು ಯಾರು ಎಂಬುದೂ ಮುಖ್ಯ. 1973ರ ನವೆಂಬರ್‌ನಲ್ಲಿ ಎಫ್-14 ವಿಮಾನ 38 ಸೆಕೆಂಡುಗಳಲ್ಲಿ ಆರು ಫೀನಿಕ್ಸ್ ಕ್ಷಿಪಣಿಗಳನ್ನು ಆರು ಡ್ರೋನ್‌ಗಳ ಮೇಲೆ ಬಿಟ್ಟಿತು. ನಾಲ್ಕು ತಗುಲಿದವು, ಒಂದು ತಪ್ಪಿತು, ಇನ್ನೊಂದರಲ್ಲಿ ಡ್ರೋನೇ ಕೆಟ್ಟಿತ್ತು ಎಂದು ಪರೀಕ್ಷೆಯ ಲೆಕ್ಕಕ್ಕೇ ಹಿಡಿಯಲಿಲ್ಲ. ಆರರಲ್ಲಿ ನಾಲ್ಕೇ, ಐದರಲ್ಲಿ ನಾಲ್ಕೇ? ಇನ್ನೂ ಜಗಳವಾಡಬಹುದು.

ಇನ್ನು ಫಾಲ್ಕನ್ ನೋಡಿ. ಅಮೆರಿಕದ ವಾಯುಪಡೆಯಲ್ಲಿ ವಿಮಾನದಿಂದ ವಿಮಾನಕ್ಕೆ ಹೊಡೆಯುವ ಮೊದಲ ಮಾರ್ಗದರ್ಶಿತ ಕ್ಷಿಪಣಿ, ಇಂಟರ್‌ಸೆಪ್ಟರ್‌ಗಳಿಗೆಂದೇ ಮಾಡಿದ್ದು, ವರ್ಷಗಟ್ಟಲೆ ಪರೀಕ್ಷೆ ಕಂಡದ್ದು. ನೇರವಾಗಿ ಹಾರುವ ಡ್ರೋನ್‌ಗಳನ್ನು ಚೆನ್ನಾಗಿ ಹೊಡೆಯುತ್ತಿತ್ತು. ಅದೇ ವಂಶದ ಎಐಎಂ-4ಡಿಯನ್ನು 1967ರಲ್ಲಿ ಎಫ್-4 ವಿಮಾನಕ್ಕೆ ಕಟ್ಟಿ ವಿಯೆಟ್ನಾಂಗೆ ಕಳಿಸಿದರು. ಅಲ್ಲಿ ಮಿಗ್‌ಗಳು ನೇರವಾಗಿ ಹಾರಲಿಲ್ಲ, ಏಕೆ ಹಾರಬೇಕು? ಸೀಕರನ್ನು ತಣ್ಣಗೆ ಮಾಡಿದ ಮೇಲೆ ಸುಮಾರು ಎರಡು ನಿಮಿಷದಲ್ಲಿ ಹೊಡೆಯಬೇಕು, ಇಲ್ಲವಾದರೆ ಶೈತ್ಯಕಾರಕ ಮುಗಿದು ಕ್ಷಿಪಣಿ ಮರದ ಕೊರಡು. ಹತ್ತಿರದಲ್ಲಿ ಹಾದರೆ ಸಿಡಿಯುವುದಿಲ್ಲ, ತಗುಲಲೇಬೇಕು. ಇಡೀ ಯುದ್ಧದಲ್ಲಿ ಅದಕ್ಕೆ ಬಿದ್ದ ಶತ್ರು ವಿಮಾನ ಐದೇ. ಕರ್ನಲ್ ರಾಬಿನ್ ಓಲ್ಡ್ಸ್ ರೋಸಿಹೋಗಿ ತನ್ನ ದಳದ ವಿಮಾನಗಳ ವೈರಿಂಗ್ ಬದಲಿಸಿ ಸೈಡ್‌ವೈಂಡರ್ ಎಂಬ ಬೇರೆ ಕ್ಷಿಪಣಿ ಕಟ್ಟಿಸಿದ.

ಪರೀಕ್ಷೆ ಹೆಚ್ಚಾದರೆ ಶಸ್ತ್ರ ಒಳ್ಳೆಯದಾಗುತ್ತದೆ ಎಂಬುದು ಮೂಢನಂಬಿಕೆ. ಯಾವ ಪ್ರಶ್ನೆ ಕೇಳಿದಿರಿ ಎಂಬುದರ ಮೇಲಿದೆ.


ನಿವೃತ್ತ ಸಾರ್ಜೆಂಟ್

ವಾದಪ್ರಿಯರೇ, ಮೊದಲ ಬಾರಿಗೆ ನಿಮ್ಮ ಮಾತಿಗೆ ತಲೆದೂಗುತ್ತೇನೆ. ಒಂದನ್ನು ಮಾತ್ರ ಸೇರಿಸಿ. ಅದೇ ಯುದ್ಧದಲ್ಲಿ ಸ್ಪ್ಯಾರೋ ಕ್ಷಿಪಣಿ ಹತ್ತು ಹಾರಿಸಿದರೆ ಒಂದೂ ಸರಿಯಾಗಿ ತಗುಲುತ್ತಿರಲಿಲ್ಲ. 1968ರಲ್ಲಿ ಅವರ ನೌಕಾಪಡೆ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಅವರನ್ನು ಕಾರಣ ಹುಡುಕಲು ಕೂರಿಸಿತು. ಅವರು ಕ್ಷಿಪಣಿಯೊಂದನ್ನೇ ನೋಡಲಿಲ್ಲ. ಕಾರ್ಖಾನೆ, ಉಗ್ರಾಣ, ಹಡಗಿನ ಮೇಲೆ ಎತ್ತಿ ಇಳಿಸುವ ಕೈಗಳು, ಪೈಲಟ್‌ನ ತರಬೇತಿ, ಎಲ್ಲವನ್ನೂ ನೋಡಿದರು. ಪೈಲಟ್‌ಗಳಿಗೆ ಆಕಾಶದ ಕಾಳಗ ಕಲಿಸುವ ಟಾಪ್ ಗನ್ ಶಾಲೆ ಹುಟ್ಟಿದ್ದು ಆ ವರದಿಯಿಂದ. ಪರೀಕ್ಷಾ ಕೇಂದ್ರದಲ್ಲಿ ಕ್ಷಿಪಣಿಯನ್ನು ಹಸುಗೂಸಿನಂತೆ ಹಿಡಿಯುತ್ತಾರೆ. ದಳದಲ್ಲಿ ಮಳೆ, ಧೂಳು, ರಾತ್ರಿ ಎರಡು ಗಂಟೆ, ನಿದ್ದೆಗಣ್ಣು.


ಕಾರವಾರದ ಕಡಲು

ನಮ್ಮ ಕಡೆಯ ಮಾತು ಸ್ವಲ್ಪ ಕೇಳಿ. ಗೋವಾ ಕಡಲು ಎಂದು ಎಲ್ಲರೂ ಸುಲಭವಾಗಿ ಬರೆಯುತ್ತೀರಿ. ಹೊಡೆತದ ಅಭ್ಯಾಸ ಇದ್ದ ದಿನ ಇಂತಿಂಥ ಜಾಗಕ್ಕೆ ದೋಣಿ ಬರಕೂಡದು ಎಂದು ಸೂಚನೆ ಬರುತ್ತದೆ. ನನ್ನ ದೊಡ್ಡಪ್ಪ ಬಂಗುಡೆ ಬಲೆಯವರು. ಸೂಚನೆ ಬಂದರೆ, “ಇವತ್ತು ಆಕಾಶದವರ ಸಂತೆ” ಎಂದು ಬಲೆ ಹೊಲಿಯುತ್ತ ಕೂರುತ್ತಿದ್ದರು. ಮಧ್ಯಾಹ್ನ ‘ರದ್ದಾಯಿತು’ ಎಂದು ಸುದ್ದಿ ಬಂದರೆ ಅವರ ಬಾಯಲ್ಲಿ ಬರುತ್ತಿದ್ದ ಮಾತನ್ನು ಇಲ್ಲಿ ಬರೆದರೆ ಸಂಚಾಲಕರು ನನ್ನನ್ನು ಹೊರಗೆ ಹಾಕುತ್ತಾರೆ.

ಒಂದು ದೋಣಿ ಗೆರೆ ದಾಟಿದರೂ ಇಡೀ ದಿನ ಹಾಳು ಎಂದು ಕೇಳಿದ್ದೇನೆ. ನಿಜವೇ?


ನಿವೃತ್ತ ಸಾರ್ಜೆಂಟ್

ನಿಜ. ಮತ್ತು ದೋಣಿ ಒಂದೇ ಅಲ್ಲ. ಹಾರಿಸುವ ವಿಮಾನ, ಪಕ್ಕದಲ್ಲಿ ಚಿತ್ರ ತೆಗೆಯುವ ಜೊತೆ ವಿಮಾನ (2023ರಲ್ಲಿ ಎರಡು ಸೀಟಿನ ತೇಜಸ್ ಆ ಕೆಲಸ ಮಾಡಿತು), ಗುರಿ ಡ್ರೋನ್, ನೆಲದ ಟೆಲಿಮೆಟ್ರಿ, ಹವಾಮಾನ, ಎಲ್ಲವೂ ಒಂದೇ ಗಳಿಗೆಗೆ ಕೂಡಬೇಕು. ಮದುವೆ ಮುಹೂರ್ತಕ್ಕಿಂತ ಕಷ್ಟ.

ಒಮ್ಮೆ ಒಂದು ನೆಲೆಯಲ್ಲಿ (ಹೆಸರು ಬೇಡ) ಎಲ್ಲವೂ ಕೂಡಿತ್ತು. ವಿಮಾನ ರನ್‌ವೇ ತುದಿಯಲ್ಲಿ, ಎಂಜಿನ್ ಓಡುತ್ತಿದೆ. ಕೊನೆಯ ಕೆಲಸ, ಸುರಕ್ಷತಾ ಪಿನ್ ಕೀಳುವುದು. ಪ್ರತಿ ಪಿನ್ನಿಗೂ ಕೆಂಪು ಪಟ್ಟಿ ನೇತಾಡುತ್ತಿರುತ್ತದೆ. ಕಿತ್ತವನು ಪೈಲಟ್‌ಗೆ ಎತ್ತಿ ತೋರಿಸಬೇಕು, ಪೈಲಟ್ ಬೆರಳು ಮಡಚಿ ಎಣಿಸುತ್ತಾನೆ. ಆರು ಇರಬೇಕು. ಐದು ತೋರಿಸಿದೆವು. ಆರನೆಯದು ಲಾಂಚರ್‌ನಲ್ಲಿಯೂ ಇಲ್ಲ, ನೆಲದ ಮೇಲೂ ಇಲ್ಲ, ಚೀಲದಲ್ಲಿಯೂ ಇಲ್ಲ. ಎಂಜಿನ್ನಿನ ಗಾಳಿಬಾಯಿ ಎಳೆದುಕೊಂಡಿದ್ದರೆ? ಎಂಜಿನ್ ನಿಲ್ಲಿಸಿದರು. ಡ್ರೋನ್ ಇಳಿಸಿದರು. ಆ ದಿನದ ಪರೀಕ್ಷೆ ರದ್ದು. ನಿಮ್ಮ ದೊಡ್ಡಪ್ಪನಂಥವರು ಎಷ್ಟು ಜನ ಬೈದರೋ.


ಮುರುಗೇಶಪಾಳ್ಯದ ಮಹಡಿ

ಪಿನ್ ಎಲ್ಲಿ ಸಿಕ್ಕಿತು ಸರ್?


ವಾದಪ್ರಿಯ

ಒಂದು ಪಿನ್ನಿಗೆ ಒಂದು ದಿನ. ಮಹಡಿಯವರೇ, ನಿಮ್ಮ ಆರು ವರ್ಷ ಎಲ್ಲಿ ಹೋಯಿತು ಎಂದು ಗೊತ್ತಾಯಿತಲ್ಲ.


ಕ್ಯಾಲಿಫೋರ್ನಿಯಾದ ಕಿಟ್ಟಿ

ಒಂದು ಪ್ಲಗ್ಗಿನ ಕಥೆ ಕೇಳಿ ವಾದಪ್ರಿಯರೇ, ಆಮೇಲೆ ಪಿನ್ನಿನ ಬಗ್ಗೆ ನಗಿ. 1961ರ ಏಪ್ರಿಲ್ 7, ನ್ಯೂ ಮೆಕ್ಸಿಕೋ. ಬಿ-52 ಬಾಂಬರ್ ಮೇಲೆ ಎಫ್-100 ವಿಮಾನಗಳು ದಾಳಿಯ ಅಭ್ಯಾಸ ಮಾಡುತ್ತಿದ್ದವು. ಬರೀ ಅಭ್ಯಾಸ. ಸರ್ಕ್ಯೂಟ್ ಪರೀಕ್ಷಿಸಿಯೇ ಹೋಗಿದ್ದರು. ಆದರೂ ಪ್ಲಗ್ಗಿನೊಳಗಿನ ತೇವದಿಂದ ವಿದ್ಯುತ್ ಹರಿದು ಸೈಡ್‌ವೈಂಡರ್ ತಾನಾಗಿಯೇ ಹೊರಟಿತು. ತಮ್ಮದೇ ಬಾಂಬರ್ ಬಿದ್ದಿತು. ಎಂಟು ಜನರಲ್ಲಿ ಮೂವರು ಸತ್ತರು.


ನಿವೃತ್ತ ಸಾರ್ಜೆಂಟ್

ಹೌದು. ಅದಕ್ಕೇ ಕ್ಷಿಪಣಿಯ ಪ್ಲಗ್ ಚುಚ್ಚುವ ಮುಂಚೆ ವಿಮಾನದ ಬದಿಯಲ್ಲಿ ಮೀಟರ್ ಇಟ್ಟು ಕಳ್ಳ ವೋಲ್ಟೇಜ್, ಅಂದರೆ ಇರಬಾರದ ಕಡೆ ಇರುವ ವಿದ್ಯುತ್, ಇಲ್ಲವೆಂದು ನೋಡುತ್ತೇವೆ. ಮುಳ್ಳು ಅಲ್ಲಾಡಬಾರದು. ನನಗೆ ಎಷ್ಟೋ ಸಾವಿರ ಬಾರಿ ಅಲ್ಲಾಡಲಿಲ್ಲ. ಒಮ್ಮೆಯೂ ಉಸಿರು ಬಿಡದೆ ನೋಡಿದ್ದು ತಪ್ಪಲಿಲ್ಲ.


ತುಂಗಾತೀರ

ತನ್ನ ಗುಂಡಿಗೆ ತಾನೇ ಬಿದ್ದವನ ಕಥೆ ಯಾರೂ ಹೇಳಲಿಲ್ಲವೇ? 1956ರ ಸೆಪ್ಟೆಂಬರ್ 21. ಪಾಮ್‌ಡೇಲ್ ಆಗಿ ಒಂದು ತಿಂಗಳು. ಗ್ರಮ್ಮನ್ ಕಂಪನಿಯ ಪರೀಕ್ಷಾ ಪೈಲಟ್ ಟಾಮ್ ಆಟ್ರಿಜ್ ಎಫ್11ಎಫ್ ಟೈಗರ್‌ನಲ್ಲಿ ಕಡಲಿನ ಮೇಲೆ ಗನ್ ಪರೀಕ್ಷೆ ಮಾಡುತ್ತಿದ್ದ. ಇಳಿಜಾರಿನಲ್ಲಿ ಹೊಡೆದ, ಇನ್ನೂ ಕಡಿದಾಗಿ ಇಳಿದ. ಗುಂಡುಗಳು ಗಾಳಿಯ ತಡೆಗೆ ನಿಧಾನವಾಗುತ್ತ ಬಾಗಿ ಬೀಳುತ್ತಿದ್ದವು, ವಿಮಾನ ನೇರ ದಾರಿಯಲ್ಲಿ ವೇಗವಾಗಿ ಬಂದು ಅವನ್ನೇ ಸೇರಿತು. ಮುಂದಿನ ಗಾಜು ಬಿರಿಯಿತು. ಹಕ್ಕಿ ಬಡಿಯಿತು ಎಂದುಕೊಂಡನಂತೆ! ರನ್‌ವೇ ತಲುಪುವ ಮೊದಲೇ ವಿಮಾನ ಮರಗಳಲ್ಲಿ ಬಿದ್ದಿತು. ಮೂಳೆ ಮುರಿದುಕೊಂಡು ಬದುಕಿದ.

ಹದಿನೇಳು ವರ್ಷದ ಮೇಲೆ ಅದೇ ಕಂಪನಿಯ ಎಫ್-14. 1973ರ ಜೂನ್ 20, ಸ್ಪ್ಯಾರೋ ಹೊಟ್ಟೆಯಿಂದ ಬೇರ್ಪಡುವ ಪರೀಕ್ಷೆ. ಕ್ಷಿಪಣಿ ಕೆಳಗೆ ಸರಿಯುವ ಬದಲು ಮೂತಿ ಎತ್ತಿ ವಿಮಾನಕ್ಕೇ ಬಡಿಯಿತು. ಇಬ್ಬರೂ ಹೊರಹಾರಿ ಉಳಿದರು.


ಸಿಲಿಕಾನ್ ಸುಬ್ಬಿ

ಸಾರ್ಜೆಂಟ್ ಸರ್ ಹೇಳಿದ ‘ಬರೀ ಬೇರ್ಪಡುವ ಪರೀಕ್ಷೆ’ ಎಂದರೆ ಇದೇ ಅಲ್ಲವೇ. ಬರೀ!


ಪದಕೋಶ

ನಮ್ಮ ಮಾರುತ್ ಯುದ್ಧ ವಿಮಾನದ ಬಗ್ಗೆ ಯಾರೂ ಮಾತೆತ್ತಲಿಲ್ಲ. 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಮೊದಲು ಹಾರಿತು, ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ವಿನ್ಯಾಸ. ಮೂತಿಯಲ್ಲಿ ನಾಲ್ಕು 30 ಮಿ.ಮೀ. ಗನ್. ನಾಲ್ಕನ್ನೂ ಒಟ್ಟಿಗೆ ಹೊಡೆದರೆ ಅದುರುವಿಕೆಯ ತೊಂದರೆ ಕಾಡಿತು ಎಂದು ನನ್ನ ತಂದೆ ಹೇಳುತ್ತಿದ್ದರು. ಅವರು ಎಚ್‌ಎಎಲ್‌ನಲ್ಲಿ ಗುಮಾಸ್ತರಾಗಿದ್ದರು, ಮನೆಗೆ ಬಂದು ಕಾಫಿ ಲೋಟ ಮೇಜಿನ ಮೇಲೆ ಗಡಗಡ ಅಲ್ಲಾಡಿಸಿ ತೋರಿಸುತ್ತಿದ್ದರು. ಅಮ್ಮನಿಗೆ ಕೋಪ. ಗನ್ ಎಂದರೆ ಇವತ್ತಿಗೂ ನನಗೆ ಆ ಲೋಟದ ಸದ್ದು.


ವಾದಪ್ರಿಯ

ಸರಿ, ಬೇರ್ಪಡುವುದು, ಕಳ್ಳ ವೋಲ್ಟೇಜ್ ಎಲ್ಲ ಒಪ್ಪಿದೆ. ಆದರೆ ಫಾಲ್ಕನ್ ಪ್ರಶ್ನೆ ಹಾಗೆಯೇ ಇದೆ. ತೇಜಸ್ ಹೊಡೆದ ಗುರಿಗಳು ಯಾವುವು? ಬನ್ಷೀ, ಲಕ್ಷ್ಯ ಥರದ ಡ್ರೋನ್‌ಗಳು. ಶತ್ರು ವಿಮಾನ ಹಾಗೆ ಹಾರುತ್ತದೆಯೇ?


ನಿವೃತ್ತ ಸಾರ್ಜೆಂಟ್

ಹಾರುವುದಿಲ್ಲ. ಅಮೆರಿಕದವರು ಅದಕ್ಕಾಗಿಯೇ ಹಳೆಯ ಎಫ್-106, ಎಫ್-4, ಈಗ ಎಫ್-16 ವಿಮಾನಗಳನ್ನು ಪೈಲಟ್ ಇಲ್ಲದೆ ಹಾರುವಂತೆ ಮಾಡಿ ಫ್ಲಾರಿಡಾದ ಟಿಂಡಲ್ ಕಡೆ ಹೊಡೆಯುತ್ತಾರೆ. ಅದು ಶ್ರೀಮಂತರ ಮನೆಯ ದೀಪಾವಳಿ. ನಮ್ಮಲ್ಲಿ ಲಕ್ಷ್ಯ ಇದೆ, ಬೆಂಗಳೂರಿನ ಎಡಿಇ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿದ್ದು. ತಾನು ಸಾಯದೆ ಹಿಂದೆ ಹಗ್ಗದಲ್ಲಿ ಗುರಿ ಎಳೆದುಕೊಂಡು ಹೋಗುತ್ತದೆ. ಅದೇ ಸಂಸ್ಥೆಯ ಗುರಿ ಡ್ರೋನ್ ‘ಅಭ್ಯಾಸ್’ ಕೂಡ ಇದೆ.

ಆದರೆ ಹಾರಿಸಿ ಹೊಡೆಯುವುದೊಂದೇ ಪರೀಕ್ಷೆಯಲ್ಲ. 2021ರ ಏಪ್ರಿಲ್‌ನಲ್ಲಿ ತೇಜಸ್‌ಗೆ ಪೈಥಾನ್-5 ಕ್ಷಿಪಣಿ ಜೋಡಿಸಿದಾಗ ನಡೆದದ್ದು ನೋಡಿ. ಗೋವಾಗೆ ಹೋಗುವ ಮುಂಚೆ ಬೆಂಗಳೂರಿನಲ್ಲಿಯೇ ಹಾರಿ ಹಾರಿ ವಿಮಾನದ ರೇಡಾರ್, ಶಸ್ತ್ರ ಬಿಡುವ ವ್ಯವಸ್ಥೆ, ಹಾರಾಟ ನಿಯಂತ್ರಣ ಇವುಗಳ ಜೊತೆ ಕ್ಷಿಪಣಿ ಹೊಂದುತ್ತದೆಯೇ ಎಂದು ನೋಡಿದರು. ನಿಜವಾದ ವಿಮಾನವನ್ನೇ ಗುರಿಯಾಗಿಸಿ, ಅದು ತಿರುಗಿ, ಮುಳುಗಿ, ತಪ್ಪಿಸಿಕೊಳ್ಳುವಾಗ ಸೀಕರ್ ಹಿಡಿದುಕೊಂಡಿತೇ ಎಂದು ನೂರು ಬಾರಿ ನೋಡಬಹುದು. ಹೊಡೆಯುವುದಿಲ್ಲ, ಅಷ್ಟೇ. ಮೇಷ್ಟ್ರು ಹೇಳಿದ ಐನೂರು ಅದೇ.


ಗಣಿತ ಮೇಷ್ಟ್ರು

ಧನ್ಯವಾದ. ನಾನು ಇಲ್ಲಿ ಯಾರಿಂದಲಾದರೂ ಹೊಗಳಿಸಿಕೊಂಡದ್ದು ಇದೇ ಮೊದಲು.


ಕ್ಯಾಲಿಫೋರ್ನಿಯಾದ ಕಿಟ್ಟಿ

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರದ ಕಥೆ ಒಂದು ಉಳಿದಿದೆ. ಪಾಮ್‌ಡೇಲ್‌ನಲ್ಲಿ ಅವಮಾನವಾದ ಅದೇ ಸ್ಕಾರ್ಪಿಯನ್, ಮುಂದಿನ ಮಾದರಿ ಎಫ್-89ಜೆ, ಮರುವರ್ಷವೇ ಜೀನೀ ಎಂಬ ಪರಮಾಣು ರಾಕೆಟ್ ಹಾರಿಸಿತು. ಗುರಿ ತಪ್ಪಿದರೂ ಚಿಂತೆಯಿಲ್ಲ ಎಂಬ ತರ್ಕ! 1957ರ ಜುಲೈ 19, ನೆವಾಡಾ. ನಮ್ಮೂರ ಮೇಲೆ ಇದು ಸಿಡಿದರೆ ಕೆಳಗಿನವರಿಗೆ ಏನೂ ಆಗುವುದಿಲ್ಲ ಎಂದು ತೋರಿಸಲು ಐವರು ಅಧಿಕಾರಿಗಳು ತಾವಾಗಿಯೇ ನೇರ ಕೆಳಗೆ ನಿಂತರು, ಚಿತ್ರ ತೆಗೆಯುವವನೊಬ್ಬ ಜೊತೆಗಿದ್ದ. ಪಕ್ಕದಲ್ಲಿ ಒಂದು ಫಲಕ ನೆಟ್ಟಿದ್ದರು: ‘ಸ್ಫೋಟದ ತಳ, ಜನಸಂಖ್ಯೆ ಐದು’. ತಲೆಯ ಮೇಲೆ ಸುಮಾರು ಐದೂವರೆ ಕಿಲೋಮೀಟರ್ ಎತ್ತರದಲ್ಲಿ ಅದು ಸಿಡಿಯಿತು.


ತುಂಗಾತೀರ

ಚಿತ್ರ ತೆಗೆಯುವವನನ್ನು ಜನಸಂಖ್ಯೆಗೆ ಸೇರಿಸಲಿಲ್ಲ ನೋಡಿ.


ಸಂಚಾಲಕ

ಚರ್ಚೆ ಚೆನ್ನಾಗಿದೆ. ಓಲ್ಡ್ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ ಬಗ್ಗೆ ಬಂದ ಹನ್ನೊಂದು ಪ್ರತಿಕ್ರಿಯೆಗಳನ್ನು ಬೇರೆಡೆಗೆ ಸರಿಸಿದ್ದೇನೆ. ಈಗಿನ ನೆಲೆಗಳ, ದಿನಾಂಕಗಳ ಒಳಗುಟ್ಟು ಯಾರೂ ಬರೆಯಬೇಡಿ.


ಮುರುಗೇಶಪಾಳ್ಯದ ಮಹಡಿ
ಭಾನುವಾರ, ಸಂಜೆ 6.05

ಹುಡುಗ ಬಂದಿದ್ದ. ಎಲ್ಲವನ್ನೂ ಓದಿ ಹೇಳಿದೆ. ಮೇಷ್ಟ್ರ ಹದಿನಾರನ್ನು ಎರಡು ಬಾರಿ ಲೆಕ್ಕ ಹಾಕಿ ಸರಿ ಎಂದ. 2025ರ ಮಾರ್ಚ್ 12ರಂದು ಚಾಂದೀಪುರದಲ್ಲಿ ತೇಜಸ್‌ನ ಅಸ್ತ್ರ ಹಾರುವ ಗುರಿಗೆ ನೇರವಾಗಿ ತಗುಲಿತು ಎಂದು ಅವನೇ ಹುಡುಕಿ ತೋರಿಸಿದ. “ಒಂದು ಸಲ ತಗುಲಿದರೆ ಮೇಷ್ಟ್ರು ಒಪ್ಪುವುದಿಲ್ಲವಲ್ಲ ಮಾವ” ಎಂದ. ನನ್ನ ಸಿಲಿಂಡರ್ ಹೋಲಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೊನೆಗೆ ಅವನು ಕೇಳಿದ್ದು ನನ್ನದೇ ಪ್ರಶ್ನೆ. ಸಾರ್ಜೆಂಟ್ ಸರ್, ಪಿನ್ ಎಲ್ಲಿ ಸಿಕ್ಕಿತು?


ನಿವೃತ್ತ ಸಾರ್ಜೆಂಟ್

ತಪ್ಪಿಸಿಕೊಳ್ಳುತ್ತಿದ್ದೆ, ಹಿಡಿದುಬಿಟ್ಟಿರಿ.

ಮೂರು ಗಂಟೆ ಹುಡುಕಿದೆವು. ನಲವತ್ತು ಜನ ಸಾಲಾಗಿ ನಿಂತು ಟ್ಯಾಕ್ಸಿ ದಾರಿಯುದ್ದಕ್ಕೂ ನೆಲ ನೋಡುತ್ತ ನಡೆದರು. ಎಂಜಿನ್ನಿನ ಗಾಳಿಬಾಯಿಗೆ ಟಾರ್ಚ್ ಹಿಡಿದು ಒಬ್ಬ ತೆವಳಿಕೊಂಡು ಹೋಗಿ ನೋಡಿ ಬಂದ. ಸಂಜೆ ಕೊಠಡಿಗೆ ಬಂದು ಬೂಟು ಬಿಚ್ಚಲು ಬಗ್ಗಿದಾಗ ತೊಡೆಗೆ ಏನೋ ಚುಚ್ಚಿತು. ಕೆಲಸದ ಉಡುಪಿನ ತೊಡೆಯ ಜೇಬು. ಕೆಂಪು ಪಟ್ಟಿ ಒಳಗೆ ಮಡಚಿಕೊಂಡಿತ್ತು. ನಾನೇ ಕಿತ್ತು ನಾನೇ ಇಟ್ಟುಕೊಂಡಿದ್ದೆ.

ಬೂಟಿನ ಲೇಸ್ ಕಟ್ಟದೆಯೇ ಅಧಿಕಾರಿಯ ಕಚೇರಿಗೆ ಹೋದೆ. ಅವರು ಪಿನ್ ತೆಗೆದುಕೊಂಡು ಮೇಜಿನ ಮೇಲಿಟ್ಟರು, ಉಳಿದ ಐದರ ಪಕ್ಕದಲ್ಲಿ. “ಆರು” ಎಂದರು. ಆಮೇಲೆ ಹದಿನಾಲ್ಕು ದಿನ ರಜೆ ರದ್ದು.